ಬೆಳಗಿನ ಕೆಮ್ಮು

ಡಾಕ್ಟರ ಬಾಗಿಲು ಕಂಡೊಡನೆ ಮಾಯವಾಗುವ ಹಲ್ಲುನೋವು ನಿಮಗೆ ಗೊತ್ತೇ ಇದೆ. ಕಾರಿಗೂ ಅಂಥದೊಂದು ಕಾಯಿಲೆ ಉಂಟು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಇಂಜಿನ್ ನಡುಗುತ್ತದೆ, ಕೆಮ್ಮುತ್ತದೆ, ಗೇಟು ದಾಟುವಷ್ಟರಲ್ಲಿ ಎರಡು ಸಲ ಆಫ್ ಆಗುತ್ತದೆ. ಹೇಗೋ ರೇಸ್ ಮಾಡುತ್ತ ಗ್ಯಾರೇಜು ಮುಟ್ಟಿಸಿದರೆ ಅಲ್ಲಿ ಹಸುವಿನಂಥ ಸಾಧು. ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, “ಐಡ್ಲಿಂಗ್ ಚೆನ್ನಾಗೇ ಇದೆಯಲ್ಲ ಸಾರ್” ಅನ್ನುತ್ತಾನೆ. ಬರಿಗೈಯಲ್ಲಿ ಕಳಿಸುವುದು ಬೇಡವೆಂದು ಪ್ಲಗ್ ಬದಲಿಸುತ್ತಾನೆ. ಮರುದಿನ ಬೆಳಗ್ಗೆ ಮತ್ತೆ ಅದೇ ಕೆಮ್ಮು. ಮಡಿಕೇರಿಯಲ್ಲಿದ್ದಾಗ ಒಂದು ಡಿಸೆಂಬರಿನಲ್ಲಿ ನಾನು ಹೀಗೆ ಮೂರು ಸಲ ದುಡ್ಡು ತೆತ್ತೆ.

ಬಿಸಿಯಾದ ಮೇಲೆ ಹೋಗುವ ತೊಂದರೆಯ ಗುಟ್ಟು ಬಿಸಿಯಲ್ಲೇ ಇರುತ್ತದೆ. ಪೆಟ್ರೋಲು ದ್ರವವಾಗಿದ್ದಾಗ ಉರಿಯುವುದಿಲ್ಲ, ಆವಿಯಾದಾಗ ಉರಿಯುತ್ತದೆ. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸೇರಿದರೆ ಹದ. ಆದರೆ ಕಾವಲಿ ಕಾಯುವ ಮುಂಚೆ ದೋಸೆ ಹುಯ್ದರೆ ಹಿಟ್ಟು ಅಂಟಿಕೊಂಡು ಕೂರುತ್ತದಲ್ಲ, ತಣ್ಣಗಿರುವ ಇಂಜಿನ್ನಿನಲ್ಲೂ ಪೆಟ್ರೋಲು ಒಳಗೋಡೆಗೆ ಹನಿಯಾಗಿ ಅಂಟುತ್ತದೆ. ಉರಿಯಲು ಸಿಗುವ ಆವಿ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಕೆಲವು ನಿಮಿಷ ಪೆಟ್ರೋಲು ಕೈಬಿಚ್ಚಿ ಕೊಡಬೇಕು.

ಕಾರ್ಬೊರೇಟರ್ ಇದ್ದ ಕಾಲದ ಮಾರುತಿ 800ರಲ್ಲಿ ಈ ಕೆಲಸಕ್ಕೆ ಚೋಕ್ ಎಂಬ ಗುಂಡಿ ಇತ್ತು. ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲಿನ ಪಾಲು ಏರುತ್ತಿತ್ತು, ಇಂಜಿನ್ನಿನ ವೇಗವೂ ತುಸು ಹೆಚ್ಚುತ್ತಿತ್ತು. ಗುಂಡಿಯನ್ನು ಒಳಗೆ ತಳ್ಳಲು ಮರೆತರೆ ಕಪ್ಪು ಹೊಗೆ ಬಿಡುತ್ತ ಊರೆಲ್ಲ ಸುತ್ತುವುದು, ದಾರಿಯಲ್ಲಿ ಯಾರೋ ಕೂಗಿ ಹೇಳುವುದು. 2000ದ ಸುಮಾರಿಗೆ ಹೊಸ ಕಾರುಗಳಲ್ಲಿ ಇಂಜೆಕ್ಷನ್ ಬಂತು, ಗುಂಡಿ ಹೋಯಿತು. ಈಗ ಚೋಕ್ ಎಳೆಯುವವನು ಕಂಪ್ಯೂಟರ್. ತಣ್ಣಗಿದ್ದಾಗ ಅದು ಇಂಜಿನ್ನನ್ನು ನಿಮಿಷಕ್ಕೆ 1200ರಿಂದ 1500 ಸುತ್ತು ಓಡಿಸಿ, ಬಿಸಿಯಾಗುತ್ತ ಬಂದಂತೆ 700–900ಕ್ಕೆ ಇಳಿಸುತ್ತದೆ. ಅಂದರೆ ಬೆಳಗ್ಗೆ ಸದ್ದು ಜೋರಾಗಿರುವುದು ಕಾಯಿಲೆಯಲ್ಲ, ಏರದೆ ತಡವರಿಸುವುದು ಕಾಯಿಲೆ.

ಈ ತಡವರಿಕೆಗೆ ಕಾರಣ ಹುಡುಕುವಾಗ ಮೊದಲು ಕಡಿಮೆ ಖರ್ಚಿನದು. ಗಾಳಿ ಒಳಗೆ ಹೋಗುವ ಥ್ರಾಟಲ್ ಬಾಡಿಯಲ್ಲಿ ವರ್ಷಗಟ್ಟಲೆ ಕಪ್ಪು ಜಿಡ್ಡು ಕಟ್ಟುತ್ತದೆ, ಒಲೆಯ ಮೇಲಿನ ಸೂರಿಗೆ ಮಸಿ ಹಿಡಿದ ಹಾಗೆ. ಪೆಡಲ್ ಒತ್ತಿದಾಗ ದಾರಿ ಅಗಲವಾಗುವುದರಿಂದ ಜಿಡ್ಡು ಲೆಕ್ಕಕ್ಕೆ ಬರುವುದಿಲ್ಲ. ಐಡ್ಲಿಂಗಿನಲ್ಲಿ, ಅಂದರೆ ಪೆಡಲ್ ಒತ್ತದಿದ್ದಾಗ, ಗಾಳಿ ನುಸುಳುವುದೇ ಕೂದಲೆಳೆಯಷ್ಟು ಸಂದಿಯಲ್ಲಿ, ಅಲ್ಲಿ ಜಿಡ್ಡು ಉಸಿರು ಕಟ್ಟಿಸುತ್ತದೆ. ಅದಕ್ಕೆಂದೇ ಮಾಡಿದ ಕ್ಲೀನರಿನಿಂದ ಒರೆಸಿದರೆ ಎಷ್ಟೋ ಗಾಡಿಗಳು ಅಲ್ಲಿಗೇ ಸರಿಹೋಗುತ್ತವೆ. ತೊಳೆದ ಮೇಲೆ ಕೆಲವು ಕಾರುಗಳ ಕಂಪ್ಯೂಟರಿಗೆ ಐಡ್ಲಿಂಗನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಅದನ್ನು ಮರೆತು “ತೊಳೆದ ಮೇಲೆ ಇನ್ನೂ ಹಾಳಾಯಿತು” ಎನ್ನುವವರಿದ್ದಾರೆ.

ಎರಡನೆಯದು ಕಳ್ಳಗಾಳಿ. ಬಿರುಕು ಬಿಟ್ಟ ರಬ್ಬರ್ ಪೈಪಿನಿಂದಲೋ ಗಟ್ಟಿಯಾದ ಗ್ಯಾಸ್ಕೆಟ್ಟಿನ ಸಂದಿಯಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತದೆ. ಇದು ಬೆಳಗ್ಗೆ ಮಾತ್ರ ಕಾಡುವುದೇಕೆ? ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಹೆಚ್ಚುಕಡಿಮೆಯನ್ನು ಕಂಡುಹಿಡಿದು ಕಂಪ್ಯೂಟರಿಗೆ ದೂರು ಕೊಡುತ್ತದೆ, ಆದರೆ ಸುಮಾರು 300 ಡಿಗ್ರಿ ಕಾಯುವವರೆಗೂ ಅದಕ್ಕೆ ನಿದ್ದೆ. ಅಲ್ಲಿಯ ತನಕ ಕಂಪ್ಯೂಟರ್ ಕಂಠಪಾಠದ ಲೆಕ್ಕದಲ್ಲೇ ಪೆಟ್ರೋಲು ಹಾಕುತ್ತಿರುತ್ತದೆ. ಜೊತೆಗೆ ಲೋಹ ಹಿಗ್ಗಿದಾಗ ಕೆಲವು ಸಂದಿಗಳು ತಾವೇ ಮುಚ್ಚಿಕೊಳ್ಳುತ್ತವೆ. ಬುಸ್ ಎನ್ನುವ ಸದ್ದಿಗೆ ಕಿವಿಗೊಡಿ. ಉರಿಯುವ ದ್ರವ ಚಿಮುಕಿಸಿ ಸಂದಿ ಹುಡುಕುವವರನ್ನು ಕಂಡಿದ್ದೇನೆ, ನನಗೆ ಆ ಧೈರ್ಯವಿಲ್ಲ. ಒಳಗೆ ಹೊಗೆ ಬಿಟ್ಟು ಅದು ಎಲ್ಲಿಂದ ಹೊರಬರುತ್ತದೆಂದು ನೋಡುವ ಯಂತ್ರ ಈಗ ಬಂದಿದೆ.

ಇಲ್ಲೊಂದು ಜಗಳದ ಮಾತು. ಇಂಜಿನ್ ಬೇಗ ಬಿಸಿಯಾಗಲೆಂದು ಥರ್ಮೋಸ್ಟಾಟ್ ಎಂಬ ಕವಾಟವಿದೆ. ಇಂಜಿನ್ನಿನ ನೀರು 80 ಡಿಗ್ರಿ ದಾಟುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುತ್ತದೆ. “ನಮ್ಮ ಸೆಕೆಗೆ ಇದು ಯಾಕೆ ಸಾರ್” ಎಂದು ಕಿತ್ತೆಸೆಯುವ ಮೆಕ್ಯಾನಿಕ್ಕುಗಳು ಇದ್ದಾರೆ. ಆಮೇಲೆ ಆ ಗಾಡಿಗೆ ಬೆಳಗೇ ಮುಗಿಯುವುದಿಲ್ಲ, ಪೆಟ್ರೋಲೂ ಉಳಿಯುವುದಿಲ್ಲ.

ಇನ್ನು ನನ್ನ ಮಡಿಕೇರಿಯ ಗಾಡಿ. ನಾಲ್ಕನೆಯ ಸಲ ಸಿಕ್ಕ ಮೆಕ್ಯಾನಿಕ್ ಬಾನೆಟ್ಟನ್ನೂ ತೆರೆಯಲಿಲ್ಲ. “ರಾತ್ರಿ ಇಲ್ಲೇ ಬಿಟ್ಟುಹೋಗಿ, ಬೆಳಗ್ಗೆ ಬನ್ನಿ, ಅಲ್ಲಿಯವರೆಗೆ ನಾನೂ ಕೀ ತಿರುಗಿಸೋದಿಲ್ಲ” ಎಂದ. ಆರೂವರೆಗೆ ಹೋದೆ. ಸ್ಟಾರ್ಟ್ ಮಾಡುವ ಮೊದಲೇ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿ ತೋರಿಸಿದ: ಒಳಬರುವ ಗಾಳಿ 13 ಡಿಗ್ರಿ, ಇಂಜಿನ್ನಿನ ನೀರು 52 ಡಿಗ್ರಿ. ರಾತ್ರಿಯಿಡೀ ಮಂಜಿನಲ್ಲಿ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು.

ನೀರಿನ ಬಿಸಿ ಅಳೆಯುವ ಹೆಬ್ಬೆರಳಿನಷ್ಟು ಸೆನ್ಸರ್ ಸುಳ್ಳು ಹೇಳುತ್ತಿತ್ತು. ಅದು ಕಾದಂತೆಲ್ಲ ವಿದ್ಯುತ್ತಿಗೆ ಒಡ್ಡುವ ತಡೆ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 20 ಡಿಗ್ರಿಗೆ ಎರಡು ಸಾವಿರ ಓಮಿನ ಮೇಲಿದ್ದದ್ದು 80 ಡಿಗ್ರಿಗೆ ಮುನ್ನೂರರ ಆಸುಪಾಸು. ನನ್ನದು ತಣ್ಣಗಿದ್ದರೂ ತಡೆ ಏರಿಸುತ್ತಿರಲಿಲ್ಲ. ಇಂಜಿನ್ ಆಗಲೇ ಬೆಚ್ಚಗಿದೆ ಎಂದು ನಂಬಿದ ಕಂಪ್ಯೂಟರ್ ಪೆಟ್ರೋಲಿಗೆ ಕೈ ಬಿಗಿ ಮಾಡಿತ್ತು. ವೈರು ತುಂಡಾಗಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತಿತ್ತು. ಇದು ನಂಬುವಂಥ ಸುಳ್ಳು, ಆದ್ದರಿಂದ ದೀಪವೂ ಹೊತ್ತಿರಲಿಲ್ಲ.

ಹೊಸ ಸೆನ್ಸರ್ ಹಾಕಲು ಕಾಲು ಗಂಟೆ ಹಿಡಿಯಿತು. ಮರುದಿನ ಬೆಳಗಿನ ಚಳಿಯಲ್ಲಿ ಕೀ ತಿರುಗಿಸಿದೆವು. ಮುಳ್ಳು 1400ಕ್ಕೆ ಏರಿ ನಿಂತು, ನಿಧಾನಕ್ಕೆ ಇಳಿಯತೊಡಗಿತು. ಇರಲಿ ಎಂದು ಪ್ಲಗ್ಗುಗಳನ್ನೂ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ ಆತ, “ಇವು ಹೊಸವಲ್ವಾ ಸಾರ್?” ಎಂದ.