ಗ್ಲಾಸ್ ಯಾರ ಕೈಯಲ್ಲಿತ್ತು?

ಇವತ್ತು ರಾಜಕೀಯ ಬೇಡ. ಇವತ್ತು ನಮ್ಮ ಮನೆಯ ಸುದ್ದಿ. ಒಂಬತ್ತು ಸೆಕೆಂಡಿನ ಒಂದು ವಿಡಿಯೋದ ಸುದ್ದಿ.

ಹೋದ ಭಾನುವಾರ ನನಗೆ ರಜೆ ಇತ್ತು. ನಮ್ಮ ಕೆಲಸದಲ್ಲಿ ಭಾನುವಾರ ರಜೆ ಸಿಗೋದು ಅಪರೂಪ. ನಾನು, ನನ್ನ ಹೆಂಡತಿ ಇಬ್ಬರೂ ಬೆಂಗಳೂರಿನಲ್ಲಿ ನಡೀತಿದ್ದ ವೈನ್ ಮತ್ತು ಆಹಾರ ಮೇಳಕ್ಕೆ ಹೋದ್ವಿ. ಮನೆ ಬಿಡೋಕೆ ಮುಂಚೆನೇ ಒಪ್ಪಂದ ಆಗಿತ್ತು. "ನೀನು ರುಚಿ ನೋಡು, ನಾನು ಮುಟ್ಟಲ್ಲ. ಬರೋವಾಗ ಕಾರು ನಂದು" ಅಂದಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಒಳಗೆ ಹೋದ್ರೆ ನಿಜಕ್ಕೂ ಜಾತ್ರೆ. ಒಂದು ಕಡೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಇನ್ನೊಂದು ಕಡೆ ಕಬಾಬ್ ಹೊಗೆ. ದೊಡ್ಡ ತೊಟ್ಟಿಯಲ್ಲಿ ದ್ರಾಕ್ಷಿ ಸುರಿದು ಬರಿಗಾಲಲ್ಲಿ ತುಳಿಯೋ ಆಟ. ಅಜ್ಜಿಯೊಬ್ಬರು ಸೀರೆ ಎತ್ತಿ ಕಟ್ಟಿಕೊಂಡು ಮೊಮ್ಮಗಳ ಕೈ ಹಿಡಿದು ತುಳೀತಿದ್ರು, ನೋಡೋಕೆ ಅದೇ ಒಂದು ಹಬ್ಬ. ವೈನ್ ಮಳಿಗೆಗಳಲ್ಲಿ ಗ್ಲಾಸಿನ ತಳ ಮುಚ್ಚುವಷ್ಟು ಹಾಕಿಕೊಡ್ತಾರೆ. ಮೊದಲು ಮೂಸಿ ನೋಡಿ, ಆಮೇಲೆ ಸ್ವಲ್ಪ ಹೊತ್ತು ಬಾಯಲ್ಲಿಟ್ಟುಕೊಳ್ಳಿ ಅಂತಾರೆ. ನಾನು ಎಲ್ಲಾ ಗೊತ್ತಿರೋನ ಹಾಗೆ ತಲೆ ಆಡಿಸಿದೆ.

ನಮ್ಮೂರುಗಳಲ್ಲಿ "ವೈನ್ಸ್" ಅಂತ ಬೋರ್ಡು ಇಲ್ಲದ ರಸ್ತೆ ಇದೆಯಾ ಹೇಳಿ? ಒಳಗೆ ಹೋಗಿ ಕೇಳಿ, ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತೆ! ಆದರೆ ನಮ್ಮ ರಾಜ್ಯದಲ್ಲಿ ವೈನ್ ಅನ್ನೋದು ರೈತರ ವಿಷಯವೂ ಹೌದು. ವೈನ್ ಮಂಡಳಿ ಇರೋದು ತೋಟಗಾರಿಕೆ ಇಲಾಖೆ ಜೊತೆ. ನಂದಿ ಬೆಟ್ಟದ ತಪ್ಪಲಲ್ಲಿ ವೈನ್ ದ್ರಾಕ್ಷಿ ಇದೆ. ವಿಜಯಪುರದ ಬಿಸಿಲಲ್ಲಿ ದ್ರಾಕ್ಷಿ ತೋಟಗಳೇ ತೋಟಗಳು. ನಮ್ಮ ಕಪ್ಪು ದ್ರಾಕ್ಷಿ ಬೆಂಗಳೂರು ಬ್ಲೂಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ.

ಅಲ್ಲೇ ವಿಜಯಪುರ ಕಡೆಯ ಬೆಳೆಗಾರರೊಬ್ಬರು ಗುರುತು ಹಿಡಿದ್ರು. "ಟಿವ್ಯಾಗ ಬರೋರು ನೀವ ಅಲ್ಲೇನ್ರಿ? ದ್ರಾಕ್ಷಿ ಬಗ್ಗೆನೂ ಒಂದಿಷ್ಟ್ ಮಾತಾಡ್ರಿ ಸರ. ವರ್ಷಾನುಗಟ್ಲೆ ದುಡದಿದ್ದು, ಕಟಾವ್ ಟೈಮಿಗೆ ಒಂದ್ ಮಳಿ ಬಂದ್ರ ಮುಗೀತ್ರಿ" ಅಂದ್ರು. ತಿನ್ನೋ ದ್ರಾಕ್ಷಿ ಬೇರೆ, ವೈನ್ ದ್ರಾಕ್ಷಿ ಬೇರೆ ಅಂತ ಹಣ್ಣು ಹಿಡಿದು ತೋರಿಸಿದ್ರು. ವೈನ್ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ನನ್ನ ಹೆಂಡತಿಗೆ ಒಂದು ಗ್ಲಾಸ್ ಕಪ್ಪು ದ್ರಾಕ್ಷಿ ಜ್ಯೂಸ್ ಕೊಡಿಸಿದ್ರು, ದುಡ್ಡು ಕೊಡ್ತೀನಿ ಅಂದ್ರೂ ಕೇಳಲಿಲ್ಲ.

ಆ ಜ್ಯೂಸ್ ಗ್ಲಾಸೇ ವಿಡಿಯೋದಲ್ಲಿ ಇದ್ದದ್ದು.

ಯಾರೋ ಮೊಬೈಲ್‌ನಲ್ಲಿ ಹಿಡಿದಿದ್ದಾರೆ. ನಾನಿದ್ದೀನಿ, ನನ್ನ ಕೈಯಲ್ಲೂ ಗ್ಲಾಸಿದೆ. ಆದ್ರೆ ಕ್ಯಾಮೆರಾ ನನ್ನನ್ನು ದಾಟಿ ಅವಳ ಮೇಲೆ ಹೋಗಿ ನಿಂತಿದೆ. ಕೆಳಗೆ ಬರಹ: "ಟಿವಿ ಆಂಕರ್ ಹೆಂಡತಿ ನೋಡಿ." ರಾತ್ರಿ ಊಟದ ಹೊತ್ತಿಗೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೇ ಬಂತು. ಬೆಳಗ್ಗೆ ಅಮ್ಮ ಫೋನ್ ಮಾಡಿದ್ರು. "ಏನೋ ಇದು? ಅವಳೂ ಕುಡೀತಾಳೇನೋ?"

ಆ "ಅವಳೂ" ಅನ್ನೋ ಪದ ಗಮನಿಸಿ. ನಾನು ಕುಡಿದ್ನಾ ಅಂತ ಅಮ್ಮ ಕೇಳಲೇ ಇಲ್ಲ. ನಾನು ಕುಡಿದಿದ್ದೆ. ಅವಳು ಕುಡಿದಿರಲಿಲ್ಲ. ಹಾಗಂತ, ಅವಳು ಕುಡಿದಿದ್ರೆ ಆ ವಿಡಿಯೋ ಸರಿ ಆಗ್ತಿತ್ತಾ? ಅವಳೂ ನನ್ನಷ್ಟೇ ವಯಸ್ಸಾದವಳು, ಅದು ಕಾನೂನುಬದ್ಧ ಮೇಳ. ಆಗಲೂ ಸರಿ ಆಗ್ತಿರಲಿಲ್ಲ.

ನನಗೆ ಕೋಪ ಬಂತು. ಕಂಪ್ಲೇಂಟ್ ಕೊಡ್ತೀನಿ ಅಂತ ಹಾರಾಡಿದೆ. ಅವಳು ತಣ್ಣಗೆ ಒಂದೇ ಮಾತು ಕೇಳಿದಳು. "ಆವತ್ತು ನೀನು ಓದಿದ್ಯಲ್ಲ, ಆ ಹುಡುಗಿ ಸುದ್ದಿ, ಅವಳ ಅಮ್ಮನೂ ಹೀಗೇ ಫೋನ್ ಮಾಡಿರಬೇಕು ಅಲ್ವಾ?"

ವೀಕ್ಷಕರೇ, ನಾನು ಸುಮ್ಮನಾದೆ. ಯಾಕಂದ್ರೆ ಓದಿದ್ದೆ. ಕೆಲವು ವರ್ಷದ ಹಿಂದೆ ಒಂದು ಪಾರ್ಟಿಯ ದೃಶ್ಯ ನಮ್ಮ ನ್ಯೂಸ್ ರೂಮಿಗೆ ಬಂದಿತ್ತು. ಅಲ್ಲಿ ಹತ್ತಾರು ಹುಡುಗರಿದ್ರು. ನಾವು ಕೆಂಪು ವೃತ್ತ ಹಾಕಿದ್ದು ಒಬ್ಬ ಹುಡುಗಿಗೆ. ಬಾಣದ ಗುರುತು, ಎದೆ ಬಡಿಯೋ ಮ್ಯೂಸಿಕ್, ಅರ್ಧ ಗಂಟೆ ಅದೇ ದೃಶ್ಯ ತಿರುಗಿಸಿ ಮುರುಗಿಸಿ. ಮುಖಕ್ಕೆ ಬ್ಲರ್ ಹಾಕಿದ್ವಿ, ನಿಜ. ಆದ್ರೆ ಅವಳ ಬಟ್ಟೆ, ಅವಳ ಸ್ನೇಹಿತರನ್ನು ಬಲ್ಲವರಿಗೆ ಬ್ಲರ್ ಏನು ಮರೆಮಾಡುತ್ತೆ? ಅವಳ ಗ್ಲಾಸಿನಲ್ಲಿ ಏನಿತ್ತು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಸ್ಕ್ರಿಪ್ಟ್ ಓದಿದೆ, ಮನೆಗೆ ಹೋದೆ.

ಹಾಗಂತ ಕುಡಿತಕ್ಕೆ ನಾನು ಸರ್ಟಿಫಿಕೇಟ್ ಕೊಡ್ತಿಲ್ಲ. 2007ರಲ್ಲಿ ನಮ್ಮ ರಾಜ್ಯದಲ್ಲಿ ಎರಡು ಕೆಲಸ ಆಯ್ತು: ಸಾರಾಯಿ ನಿಷೇಧ ಆಯ್ತು, ವೈನ್ ನೀತಿ ಬಂತು. ಸಾರಾಯಿ ನಿಂತ ಮೇಲೂ ಹಳ್ಳಿಗಳಲ್ಲಿ ಕುಡಿತ ನಿಲ್ಲಲಿಲ್ಲ. ಜನವರಿ 2019ರಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡ್ಕೊಂಡು ಬಂದ್ರು. ಸುಮಾರು 200 ಕಿಲೋಮೀಟರ್. ಗಂಡ ಕುಡಿದು ಮನೆ ಹಾಳಾಯ್ತು ಅಂತ ಅಳ್ತಾ ನಡೆದವರು ಅವರು. ಅವರಿಗೆ ನಾವು ಕೊಟ್ಟದ್ದು ಎರಡು ನಿಮಿಷ. ಪಾರ್ಟಿಯ ಹುಡುಗಿಗೆ ಅರ್ಧ ಗಂಟೆ. ಕುಡಿತ ಬೇಡ ಅಂತ ಹೆಣ್ಣು ನಡೆದ್ರೆ ಸುದ್ದಿ ಆಗಲ್ಲ. ಹೆಣ್ಣು ಗ್ಲಾಸ್ ಹಿಡಿದ್ರೆ ಬ್ರೇಕಿಂಗ್ ನ್ಯೂಸ್. ಹಾಗಾದ್ರೆ ನಮ್ಮ ಚಿಂತೆ ಇರೋದು ಕುಡಿತದ ಬಗ್ಗೆನಾ, ಹೆಣ್ಣಿನ ಬಗ್ಗೆನಾ?

ನಾನು ಓದಿದ್ದು ಎಂಜಿನಿಯರಿಂಗ್, ನನಗೆ ಅಳತೆ ಬೇಕು. ಕಾನೂನು ಒಂದು ಅಳತೆ ಇಟ್ಟಿದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ರೆ ಗಾಡಿ ಓಡಿಸೋದು ಅಪರಾಧ. ಆ ಅಳತೆಗೆ ಗಂಡು, ಹೆಣ್ಣು ಅಂತ ಭೇದ ಇಲ್ಲ. ಆವತ್ತು ಮೇಳದ ಗೇಟಿನಲ್ಲಿ ಎಷ್ಟು ಗಂಡಸರು "ಸ್ವಲ್ಪ ತಾನೇ" ಅಂತ ಕಾರಿನ ಕೀ ತಿರುಗಿಸಿದ್ರು, ನಾನೇ ಕಣ್ಣಾರೆ ನೋಡಿದೆ. ಅವರ ಕಡೆ ಒಂದು ಮೊಬೈಲೂ ತಿರುಗಲಿಲ್ಲ. ಜ್ಯೂಸ್ ಕುಡಿದು, ಸ್ಟೀರಿಂಗ್ ಹಿಡಿದು, ನನ್ನನ್ನು ಹುಷಾರಾಗಿ ಮನೆಗೆ ಕರ್ಕೊಂಡು ಬಂದವಳ ಕಡೆ ತಿರುಗಿತು.

ಅಮ್ಮನಿಗೆ ನಿಜ ಹೇಳಿದೆ. "ಅಮ್ಮಾ, ಕುಡಿದಿದ್ದು ನಾನು." ಒಂದು ಕ್ಷಣ ಮೌನ. ಆಮೇಲೆ, "ಹೌದಾ? ಸರಿ ಬಿಡು, ಊಟ ಆಯ್ತಾ?" ಅಂದ್ರು.

ನೋಡಿ, ನನಗೆ ಎಷ್ಟು ಸುಲಭವಾಗಿ ಮಾಫಿ ಸಿಕ್ತು! ಆ ಹುಡುಗಿಗೆ ಅದು ಸಿಕ್ಕಿರಲಿಕ್ಕಿಲ್ಲ. ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಈ ಕಾರ್ಯಕ್ರಮ ನೋಡ್ತಿದ್ರೆ, ಅವತ್ತು ಓದಿದ ಬಾಯಲ್ಲೇ ಹೇಳ್ತಿದ್ದೀನಿ: ತಪ್ಪಾಯ್ತು ತಾಯಿ.

ನೀವೂ ಅಷ್ಟೇ. ಮುಂದಿನ ಸಲ ಅಂಥದ್ದೊಂದು ವಿಡಿಯೋ ನಿಮ್ಮ ಫೋನಿಗೆ ಬಂದಾಗ, ಮುಂದಕ್ಕೆ ಕಳಿಸೋಕೆ ಮುಂಚೆ ಒಂದು ನಿಮಿಷ ಯೋಚನೆ ಮಾಡಿ.