ಲಿಂಕನ್ನನ ತಲೆ, ವೈರಿಯ ಮೈ

ಒಬ್ಬರ ತಲೆಯನ್ನು ಇನ್ನೊಬ್ಬರ ಮೈಗೆ ಕೂಡಿಸಿ ಭರ್ಜರಿ ಭಾವಚಿತ್ರ ಮಾಡುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. 1865ರಲ್ಲಿ ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ ಕೊಲೆಯಾದಾಗ, ಗೋಡೆಗೆ ತೂಗುಹಾಕಲು ಜನ ಆತನ ಚಿತ್ರ ಕೇಳಿದರು. ಗಂಭೀರವಾಗಿ ನಿಂತ ವೀರಭಂಗಿಯ ಚಿತ್ರ ಬೇಕಿತ್ತು. ತಗಡಿನ ಮೇಲೆ ಚಿತ್ರ ಕೊರೆದು ಅಚ್ಚುಹಾಕುವವರು ಒಂದು ಉಪಾಯ ಹೂಡಿದರು. ತಲೆಯನ್ನು ಬ್ರಾಡಿ ಸ್ಟುಡಿಯೊದಲ್ಲಿ 1864ರಲ್ಲಿ ತೆಗೆದ ಫೋಟೊದಿಂದ ಪಡೆದರು. ಮೈ, ಮೇಜು, ನಿಲುವು ಎಲ್ಲವೂ ಜಾನ್ ಕ್ಯಾಲ್ಹೂನನ ಹಳೆಯ ಚಿತ್ರದ್ದು.

ಈ ಕ್ಯಾಲ್ಹೂನ್ ಯಾರು? ಗುಲಾಮಗಿರಿ ಒಳ್ಳೆಯದೆಂದೇ ವಾದಿಸಿ 1850ರಲ್ಲಿ ತೀರಿಕೊಂಡ ರಾಜಕಾರಣಿ! ಗುಲಾಮರ ಬಿಡುಗಡೆ ಸಾರಿದವನಿಗೆ ಸಿಕ್ಕಿದ್ದು ಆತನ ಮೈ. ಮೇಜಿನ ಮೇಲಿನ ಕಾಗದದಲ್ಲಿದ್ದ ‘ರಾಜ್ಯಗಳ ಸಾರ್ವಭೌಮತ್ವ’ವನ್ನು ಅಳಿಸಿ ‘ಸ್ವಾತಂತ್ರ್ಯದ ಘೋಷಣೆ’ ಎಂದು ಕೊರೆದರು.

ಇಂಥ ಕೂಡಿಕೆಯಲ್ಲಿ ಬೆಳಕೇ ಮುಖ್ಯ. ಮುಖಕ್ಕೆ ಎಡದಿಂದಲೂ ಕೋಟಿಗೆ ಬಲದಿಂದಲೂ ಬೆಳಕು ಬಿದ್ದರೆ ನೋಡುವವರಿಗೆ ಅನುಮಾನ ಬರುತ್ತದೆ. ನೆರಳು ಹೊಂದಿಕೊಂಡರೆ ಯಾರೂ ಕೇಳುವುದಿಲ್ಲ. ಇಲ್ಲಿ ಗುಟ್ಟು ರಟ್ಟಾದದ್ದು ಒಂದು ಮಚ್ಚೆಯಿಂದ. ಫೋಟೊ ತಿರುವುಮುರುವಾಗಿ, ಲಿಂಕನ್ನನ ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಹೋಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಸಂಪಾದಕ ಸ್ಟೆಫಾನ್ ಲೊರಾಂಟ್ ಅದನ್ನು ಗಮನಿಸಿದರು. ಅಲ್ಲಿಯವರೆಗೆ ಕ್ಯಾಲ್ಹೂನನ ಮೈ ಲಿಂಕನ್ನನದೆಂದೇ ಗೌರವ ಪಡೆದಿತ್ತು.