ಕಳ್ಳಕಡಲು ಮತ್ತು ಅಲೆಗಳ ಲೆಕ್ಕ



ತಿರುವನಂತಪುರ, ಕೊಚ್ಚಿಗಳಲ್ಲಿ ನೆಲೆಸಿರುವ ನಮಗೆ ‘ಕಳ್ಳಕ್ಕಡಲ್’ ಎಂಬ ಮಲಯಾಳ ಪದಕ್ಕೆ ಭಾಷಾಂತರ ಬೇಕಿಲ್ಲ. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಆದರೂ ಕಡಲು ಕಳ್ಳನಂತೆ ಅಂಗಳಕ್ಕೆ ನುಗ್ಗುತ್ತದೆ. ಮೀನುಗಾರರ ಈ ನುಡಿಯನ್ನು 2012ರಲ್ಲಿ ಯುನೆಸ್ಕೊ ವೈಜ್ಞಾನಿಕ ಪರಿಭಾಷೆಯಾಗಿ ಅಂಗೀಕರಿಸಿತು. ಈ ಕಳ್ಳನ ಹೆಜ್ಜೆಯನ್ನು ಗಣಿತವು ಪತ್ತೆಹಚ್ಚುವ ಬಗೆಯೇ ನನ್ನ ಇಂದಿನ ವಿಷಯ.

ಒಂದೊಂದು ಅಲೆಯ ಎತ್ತರವನ್ನೂ ಮೊದಲೇ ಹೇಳುವುದು ಅಸಾಧ್ಯ. ಆದರೆ ಅಲೆಗಳ ಸಮೂಹಕ್ಕೆ ನಿಯಮವುಂಟು. ತೇಲುವ ಮಾಪಕವು ದಾಖಲಿಸಿದ ನೀರಿನ ಏರಿಳಿತವನ್ನು ಕಂಪ್ಯೂಟರು ಬೇರೆ ಬೇರೆ ಆವರ್ತಗಳ ಸರಳ ಅಲೆಗಳಾಗಿ ವಿಂಗಡಿಸುತ್ತದೆ. ಯಾವ ಆವರ್ತದಲ್ಲಿ ಎಷ್ಟು ಶಕ್ತಿಯಿದೆಯೆಂದು ತೋರುವ ಈ ಚಿತ್ರವೇ ರೋಹಿತ. ಅದರ ಒಟ್ಟು ವಿಸ್ತೀರ್ಣದ ವರ್ಗಮೂಲವನ್ನು 4ರಿಂದ ಗುಣಿಸಿದರೆ ‘ಗಣನೀಯ ಅಲೆಯೆತ್ತರ’ ದೊರೆಯುತ್ತದೆ. ಇದು ಎಲ್ಲ ಅಲೆಗಳ ಪೈಕಿ ಎತ್ತರದವಾದ ಮೂರನೆಯ ಒಂದು ಪಾಲಿನ ಸರಾಸರಿಗೆ ಸರಿಸುಮಾರು ಸಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯವನ್ನು ದಡಕ್ಕಿಳಿಸುವ ಸಲುವಾಗಿ ಸ್ವೆರ್ಡ್ರುಪ್ ಮತ್ತು ಮಂಕ್ ರೂಪಿಸಿದ ಅಳತೆಯಿದು.

ಅಲೆಗಳ ಎತ್ತರವು ರೇಲೀ ವಿತರಣೆಯನ್ನು ಅನುಸರಿಸುತ್ತದೆಂದು 1952ರಲ್ಲಿ ಲಾಂಗೆಟ್-ಹಿಗಿನ್ಸ್ ತೋರಿಸಿದರು. ಅದರಂತೆ, ‘2 ಮೀಟರ್’ ಎಂದು ಸಾರಿದ ದಿನ ಆಳಕಡಲಿನ ಸರಾಸರಿ ಅಲೆ ಸುಮಾರು 1.25 ಮೀಟರ್ ಇದ್ದರೆ, ಸಾವಿರ ಅಲೆಗಳಲ್ಲಿ ಅತಿ ದೊಡ್ಡದು ಸುಮಾರು 3.7 ಮೀಟರ್ ಮುಟ್ಟಬಹುದು. ಹತ್ತು ಸೆಕೆಂಡಿಗೊಂದರಂತೆ ಬಂದರೆ ಸಾವಿರ ಅಲೆಗಳು ಹಾಯಲು ಮೂರು ಗಂಟೆಯೂ ಬೇಡ. ಆದ್ದರಿಂದ 2 ಮೀಟರ್ ಎಂಬುದನ್ನು ಗರಿಷ್ಠ ಮಿತಿಯೆಂದು ಬಗೆದು ದೋಣಿಯೇರುವವನಿಗೆ ಆ ಅಂಕಿಯೇ ಮೃತ್ಯುವಾದೀತು.

ಇನ್ನು ಕಳ್ಳಕಡಲಿನ ಮೂಲ ನಮ್ಮ ತೀರದಲ್ಲಿಲ್ಲ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲೇಳುವ ಬಿರುಗಾಳಿಗಳಲ್ಲಿದೆ. ಅಲ್ಲಿಂದ ಹೊರಟ, 18 ಸೆಕೆಂಡುಗಳ ಅವಧಿಯ ಉಬ್ಬಲೆಗಳ ಶಕ್ತಿ ಗಂಟೆಗೆ ಸುಮಾರು 50 ಕಿ.ಮೀ. ವೇಗದಲ್ಲಿ ಸಾಗುತ್ತದೆ, 7000 ಕಿ.ಮೀ. ಕ್ರಮಿಸಲು ಆರು ದಿನ ಬೇಕು. ಸಾಗರವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕಕ್ಕೂ ಶಕ್ತಿಯ ಆಯವ್ಯಯವನ್ನು ಗಣಿಸುವ ಸಾಂಖ್ಯಿಕ ಮಾದರಿಗಳು ಈ ಅವಧಿಯನ್ನೇ ಎಚ್ಚರಿಕೆಯ ಅವಕಾಶವಾಗಿ ಮಾರ್ಪಡಿಸುತ್ತವೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೇರಳ, ಕರ್ನಾಟಕಗಳೆರಡರ ಕರಾವಳಿಗೂ ಇಂತಹ ಮುನ್ನೆಚ್ಚರಿಕೆ ನೀಡುತ್ತದೆ.

ಆಡಳಿತದಲ್ಲಿರುವ ನನ್ನ ನಿವೇದನೆ ಇಷ್ಟೆ: ಅಂಕಿಯನ್ನು ರವಾನಿಸಿದ ಮಾತ್ರಕ್ಕೆ ಕರ್ತವ್ಯ ಮುಗಿಯದು, ಅದರ ಅರ್ಥವೂ ತಲುಪಬೇಕು. ಕಾಸರಗೋಡಿನಿಂದ ಕಾರವಾರದವರೆಗೆ ಕಡಲನ್ನೇ ನಂಬಿರುವ ನಮ್ಮವರಿಗೆ ಅದು ಕನ್ನಡದಲ್ಲಿಯೂ ತಲುಪಬೇಕು. ಮೀನುಗಾರರ ಪದ ವಿಜ್ಞಾನದ ಪದವಾಗಬಲ್ಲುದಾದರೆ, ವಿಜ್ಞಾನವೂ ಮೀನುಗಾರರ ನುಡಿಯಲ್ಲಿ ಮಾತನಾಡಬಲ್ಲುದು.